ಸ್ವಾಧ್ಯಾಯ ಮತ್ತು ಪ್ರಮಾಣಪತ್ರ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಿಂದಿನ ಕಾಲದ ದಲಾಲಿ ಅಂಗಡಿಗಳ ಗುಮಾಸ್ತರು ಲೆಕ್ಕವನ್ನು ಕಾಲೇಜಿನಲ್ಲಿ ಕಲಿತವರಲ್ಲ. ಹಿರಿಯ ಗುಮಾಸ್ತನ ಪಕ್ಕದಲ್ಲಿ ಕುಳಿತು ಅವನು ಕೀರ್ದಿ ಬರೆಯುವುದನ್ನು ನೋಡುತ್ತ, ಕೀರ್ದಿಯಿಂದ ಖಾತೆಗೆ ಎತ್ತಿ ಬರೆಯುವುದನ್ನು ಅಭ್ಯಾಸ ಮಾಡುತ್ತ, ತಪ್ಪಿದಾಗ ಗದರಿಸಿಕೊಳ್ಳುತ್ತ ಅವರು ಆ ವಿದ್ಯೆಯನ್ನು ಕೈವಶ ಮಾಡಿಕೊಂಡರು. ಡಬ್ಬಿ ಕಾಯಿ ಯಾವುದು, ಕಡ್ಡಿ ಕಾಯಿ ಯಾವುದು, ಯಾವ ಚೀಲಕ್ಕೆ ಎಷ್ಟು ತೂಕ ಕಳೆಯಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಪೇಟೆಯೊಳಗೆ ಅವರಿಗೆ ಬೇರೆ ಪ್ರಮಾಣಪತ್ರದ ಅಗತ್ಯವಿರಲಿಲ್ಲ. ಸಾಹುಕಾರರು ಅವರನ್ನು ಬಲ್ಲರು, ರೈತರೂ ಬಲ್ಲರು. ಆದರೆ ಅಂಥ ಗುಮಾಸ್ತನೊಬ್ಬ ಊರು ಬಿಟ್ಟು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಯಾವುದೋ ಕಚೇರಿಯ ಬಾಗಿಲಲ್ಲಿ ನಿಂತನೆಂದರೆ, ಅವನ ಇಪ್ಪತ್ತು ವರ್ಷದ ವಿದ್ಯೆ ಒಂದು ಗಳಿಗೆಯಲ್ಲಿ ಇಲ್ಲದಂತಾಗುತ್ತಿತ್ತು. ಅಲ್ಲಿ ಅವನನ್ನು ಬಲ್ಲವರು ಯಾರು? ‘ಏನು ಓದಿದ್ದೀರಿ?’ ಎಂಬ ಒಂದೇ ಪ್ರಶ್ನೆಗೆ ಅವನ ಬಳಿ ಉತ್ತರವಿರುತ್ತಿರಲಿಲ್ಲ.

ವಿದ್ಯೆ ಬೇರೆ, ವಿದ್ಯೆಯುಂಟೆಂದು ಅಪರಿಚಿತರನ್ನು ನಂಬಿಸುವ ಸಾಧನ ಬೇರೆ. ಶಾಲಾ ಕಾಲೇಜುಗಳಲ್ಲಿ ಈ ಎರಡೂ ಒಟ್ಟಿಗೆ ದೊರೆಯುವುದರಿಂದ ಅವು ಒಂದೇ ಎಂಬ ಭ್ರಮೆ ನಮ್ಮಲ್ಲಿ ಬೆಳೆದುಬಿಟ್ಟಿದೆ. ಕಾಲೇಜಿನ ಮೆಟ್ಟಿಲನ್ನು ಹತ್ತಲಾಗದವನ ಪಾಡನ್ನು ನೋಡಿದಾಗ ಮಾತ್ರ ಇವೆರಡರ ನಡುವಣ ಅಂತರ ಕಣ್ಣಿಗೆ ಬೀಳುತ್ತದೆ.

ಹಾವೇರಿಯ ಸಮೀಪದಲ್ಲಿ ವರದಾ ನದಿಯ ದಡದಲ್ಲಿರುವ ಕರ್ಜಗಿಯನ್ನು ತೆಗೆದುಕೊಳ್ಳಬಹುದು. ಮುಂಬಯಿ ಪ್ರಾಂತದ ಆಡಳಿತವಿದ್ದ ದಿನಗಳಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲೂಕಿಗೇ ಈ ಊರು ತನ್ನ ಹೆಸರನ್ನು ಕೊಟ್ಟಿತ್ತು. ಇಂದು ಅದು ಹಾವೇರಿ ತಾಲೂಕಿನ ಒಂದು ಗ್ರಾಮ. ರೈಲು ನಿಲ್ದಾಣವುಂಟು, ಕಾರಹುಣ್ಣಿಮೆಯ ಸಡಗರವುಂಟು, ಸುತ್ತಲೂ ಮೆಕ್ಕೆಜೋಳ, ಹತ್ತಿಗಳ ಹೊಲಗಳುಂಟು. ಇಂಥ ಊರಿನಲ್ಲಿ ಗಣಿತದಲ್ಲಿ ಚುರುಕಾದ ಹುಡುಗನೋ ಹುಡುಗಿಯೋ ಪಿ.ಯು.ಸಿ. ಮುಗಿಸಿದ ಮೇಲೆ ಮನೆಯ ಸ್ಥಿತಿ ಅಡ್ಡ ಬರುವುದು ಹೊಸ ಸಂಗತಿಯೇನಲ್ಲ. ತಂದೆಗೆ ವಯಸ್ಸಾಗಿರುತ್ತದೆ, ಹೊಲದ ಕೆಲಸ ಬಿಡುವಂತಿಲ್ಲ, ತಂಗಿಯರ ಓದು ಇನ್ನೂ ಬಾಕಿ. ಹಾವೇರಿಯ ಯಾವುದೋ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕರೆ ಸಾಕೆನಿಸುತ್ತದೆ. ಆ ತರುಣನ ಬುದ್ಧಿ ಅಲ್ಲಿಗೆ ನಿಂತುಬಿಡಬೇಕೆ? ಬೆಳಿಗ್ಗೆ ಬಸ್ಸಿಗೆ ಮೊದಲು ಒಂದು ಗಂಟೆ, ರಾತ್ರಿ ಊಟದ ತರುವಾಯ ಎರಡು ಗಂಟೆ ತಾನೇ ಓದಿ ಅವನು ಗಳಿಸಿದ ವಿದ್ಯೆಗೆ ಮನ್ನಣೆ ಕೊಡುವವರು ಯಾರೂ ಇಲ್ಲವೆ?

ಇದ್ದಾರೆ. ಕನ್ನಡಿಗರಿಗೆ ಈ ಬಗೆಯ ಮನ್ನಣೆ ಅಪರಿಚಿತವೂ ಅಲ್ಲ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ನಡೆಸಿಕೊಂಡು ಬಂದ ಕಾವ, ಜಾಣ, ರತ್ನ ಪರೀಕ್ಷೆಗಳಿಗೆ ಕುಳಿತವರಲ್ಲಿ ಎಷ್ಟೋ ಜನ ಮನೆಯಲ್ಲಿಯೇ ಓದಿದವರು. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ ಹಿಂದಿ ಶಿಕ್ಷಕರಾದವರು ಧಾರವಾಡ ಸೀಮೆಯ ಹಳ್ಳಿಹಳ್ಳಿಗಳಲ್ಲಿ ದೊರೆಯುತ್ತಾರೆ. ಹೊಲಿಗೆಯ ಯಂತ್ರದ ಮುಂದೆ ಕುಳಿತೇ ಪಂಪ ರನ್ನರನ್ನು ಓದಿಕೊಂಡವರೂ ಅಡುಗೆಮನೆಯಲ್ಲಿ ಪಾಠ ಒಪ್ಪಿಸಿಕೊಂಡ ಗೃಹಿಣಿಯರೂ ಆ ಸಾಲಿನಲ್ಲಿದ್ದರು. ಸಾಹಿತ್ಯಕ್ಕೆ ಸಲ್ಲುವ ಈ ದಾರಿ ಗಣಕ ವಿಜ್ಞಾನಕ್ಕೂ ಸಂಖ್ಯಾಶಾಸ್ತ್ರಕ್ಕೂ ಸಂದಿದೆಯೆಂಬುದು ಮಾತ್ರ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಜನರಿಗೆ ತಿಳಿಯದು.

ಇಲ್ಲಿ ಒಂದು ಮಾತನ್ನು ನೆನೆಯುವುದು ಉಚಿತ. ಇಂದು ಗಣಕ ಎಂದೊಡನೆ ನಮಗೆ ಯಂತ್ರದ ನೆನಪಾಗುತ್ತದೆ. ಸಂಸ್ಕೃತದಿಂದ ಬಂದ ಆ ಪದಕ್ಕೆ ಲೆಕ್ಕ ಮಾಡುವವನು, ಜ್ಯೋತಿಷಿ ಎಂಬುದೇ ಮೂಲದ ಅರ್ಥ. ಆಶ್ಚರ್ಯವೆಂದರೆ ಇಂಗ್ಲಿಷಿನ ಕಂಪ್ಯೂಟರ್ ಎಂಬ ಪದವೂ ಹಾಗೆಯೇ ಮೊದಲು ಮನುಷ್ಯನನ್ನು ಸೂಚಿಸುತ್ತಿತ್ತು. ಭಾರತದ ಜನಗಣತಿಯ ಕಚೇರಿಗಳಲ್ಲಿ ಅಂಕಿಗಳನ್ನು ಕೂಡಿಸಿ ಕಳೆಯುವ ನೌಕರನ ಹುದ್ದೆಗೆ ಕಂಪ್ಯೂಟರ್ ಎಂದೇ ಹೆಸರಿತ್ತು. ಗಣಕಯಂತ್ರವೂ ಸಂಖ್ಯಾಶಾಸ್ತ್ರವೂ ಅಕ್ಕತಂಗಿಯರಂತೆ ಬೆಳೆದವು. 1956ರ ವೇಳೆಗೆ ಭಾರತದಲ್ಲಿ ಕೆಲಸಕ್ಕೆ ತೊಡಗಿದ ಮೊದಲ ಅಂಕೀಯ ಗಣಕಯಂತ್ರ ಸ್ಥಾಪನೆಯಾದುದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿಯೇ.

ಆ ಸಂಸ್ಥೆಯ ಹುಟ್ಟಿನ ಕಥೆಯೇ ಸ್ವಾಧ್ಯಾಯದ ಕಥೆ. ಪ್ರಶಾಂತಚಂದ್ರ ಮಹಲನೋಬಿಸ್ ಅವರು ಕೇಂಬ್ರಿಜ್‌ನಲ್ಲಿ ಓದಿದ್ದು ಭೌತಶಾಸ್ತ್ರವನ್ನು. 1915ರಲ್ಲಿ ಅವರು ಸ್ವದೇಶಕ್ಕೆ ಹೊರಟಾಗ ಮೊದಲನೆಯ ಮಹಾಯುದ್ಧದ ಕಾರಣ ಪ್ರಯಾಣ ತಡವಾಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಕಾಲ ಕಳೆಯುತ್ತಿದ್ದ ಅವರಿಗೆ ಅಧ್ಯಾಪಕರೊಬ್ಬರು ‘ಬಯೊಮೆಟ್ರಿಕಾ’ ಎಂಬ ಸಂಖ್ಯಾಶಾಸ್ತ್ರೀಯ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಮಹಲನೋಬಿಸ್ ಆ ಸಂಪುಟಗಳನ್ನು ಕೊಂಡು ಹಡಗನ್ನೇರಿದರು, ದಾರಿಯುದ್ದಕ್ಕೂ ಓದಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಲೇ ಆ ಓದನ್ನು ಮುಂದುವರಿಸಿದರು. ಅವರಿಗೆ ಸಂಖ್ಯಾಶಾಸ್ತ್ರದಲ್ಲಿ ಪದವಿಯಿರಲಿಲ್ಲ, ಇರುವುದಾದರೂ ಹೇಗೆ? ಆ ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾರಂಭವಾದುದು 1941ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ, 1932ರಲ್ಲಿ, ಮಹಲನೋಬಿಸ್ ತಮ್ಮ ಸಂಸ್ಥೆಯನ್ನು ನೋಂದಾಯಿಸಿದ್ದರು.

ತಾವು ನಡೆದ ದಾರಿಯ ಕಷ್ಟ ಅವರಿಗೆ ತಿಳಿದಿತ್ತೆಂದು ತೋರುತ್ತದೆ. ಸಂಸ್ಥೆಯು ತರಗತಿಗಳನ್ನು ನಡೆಸಿತಲ್ಲದೆ, ಬೇರೆಡೆ ಉದ್ಯೋಗದಲ್ಲಿದ್ದು ತಾವಾಗಿ ಓದಿಕೊಂಡವರಿಗಾಗಿಯೂ ವೃತ್ತಿಪರೀಕ್ಷೆಗಳನ್ನು ಏರ್ಪಡಿಸಿತು. ಅವುಗಳಲ್ಲಿ ಸಂಖ್ಯಾಶಾಸ್ತ್ರಜ್ಞರ ಡಿಪ್ಲೊಮಾ ಪ್ರಸಿದ್ಧವಾದುದು. ಸರಕಾರದ ಕೃಷಿ ಇಲಾಖೆ, ಬಟ್ಟೆಯ ಗಿರಣಿ, ಬ್ಯಾಂಕು ಮುಂತಾದೆಡೆಗಳಲ್ಲಿ ಹಗಲೆಲ್ಲ ದುಡಿದು ರಾತ್ರಿ ಓದುವವನಿಗೆ, ‘ಇವನು ಸಂಖ್ಯಾಶಾಸ್ತ್ರವನ್ನು ಬಲ್ಲ’ ಎಂದು ದೇಶದ ಶ್ರೇಷ್ಠ ವಿದ್ವಾಂಸರು ಬರೆದುಕೊಡುವ ವ್ಯವಸ್ಥೆ ಅದು. ಹಲವು ದಶಕಗಳ ಕಾಲ ಆ ಪರೀಕ್ಷೆಗಳು ನಡೆದವು. ಮುಂದೆ 1959ರ ಕಾಯಿದೆಯಿಂದ ಸಂಸ್ಥೆಗೆ ಪದವಿಗಳನ್ನು ಕೊಡುವ ಅಧಿಕಾರವೂ ದೊರೆಯಿತು.

ಇದೇ ಸಂಸ್ಥೆಯಲ್ಲಿ ಬೆಳೆದ ಮಹಾಶಾಸ್ತ್ರಜ್ಞರೊಬ್ಬರು ಹಾವೇರಿ ಜಿಲ್ಲೆಯ ನೆರೆಯಲ್ಲಿಯೇ ಹುಟ್ಟಿದವರು. ರಾಣೇಬೆನ್ನೂರು ಸೀಮೆಯ ಭಕ್ತರು ಮೈಲಾರದ ಜಾತ್ರೆಗೆಂದು ತುಂಗಭದ್ರೆಯನ್ನು ದಾಟಿ ಹೋಗುವುದುಂಟಷ್ಟೆ. ಆ ಮೈಲಾರವಿರುವ ತಾಲೂಕಿನ ಕೇಂದ್ರವೇ ಹೂವಿನಹಡಗಲಿ. 1920ರ ಸೆಪ್ಟೆಂಬರ್ 10ರಂದು ಅಲ್ಲಿನ ತೆಲುಗು ಮನೆತನವೊಂದರಲ್ಲಿ ಸಿ. ಆರ್. ರಾವ್ ಜನಿಸಿದರು. ಬಾಲ್ಯದಲ್ಲಿ ಅವರ ತಾಯಿ ನಿತ್ಯವೂ ಬೆಳಗಿನ ನಾಲ್ಕು ಗಂಟೆಗೆ ಮಗನನ್ನು ಎಬ್ಬಿಸಿ, ಎಣ್ಣೆಯ ದೀಪವನ್ನು ಹೊತ್ತಿಸಿ ಓದಲು ಕೂರಿಸುತ್ತಿದ್ದರು. ಇದನ್ನು ರಾವ್ ಅವರು ಪ್ರಪಂಚವೇ ಮನ್ನಿಸುವ ವಿದ್ವಾಂಸರಾದ ಮೇಲೆಯೂ ಮರೆಯದೆ ತಮ್ಮ ಗ್ರಂಥದ ಅರ್ಪಣೆಯಲ್ಲಿ ದಾಖಲಿಸಿದ್ದಾರೆ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿ, ಸೇನೆಗೆ ಸಂಬಂಧಿಸಿದ ಒಂದು ನೌಕರಿಯ ಸಂದರ್ಶನಕ್ಕೆಂದು ಅವರು ಕಲ್ಕತ್ತೆಗೆ ಹೋದರು. ಆ ನೌಕರಿ ಸಿಕ್ಕಲಿಲ್ಲ. ಇಳಿದುಕೊಂಡಿದ್ದ ಸ್ಥಳದಲ್ಲಿ ಮಹಲನೋಬಿಸರ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದ ಒಬ್ಬ ತರುಣನ ಪರಿಚಯವಾಯಿತು. ಅಂಥದೊಂದು ವಿದ್ಯೆಯುಂಟೆಂಬುದು ಆತನಿಂದ ತಿಳಿಯಿತು. 1941ರಲ್ಲಿ ರಾವ್ ಅಲ್ಲಿ ಸೇರಿದರು. 1943ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದ ಎಂ.ಎ. ಪದವಿಯನ್ನು ಪಡೆದರು.

ರಾವ್ ಅವರು ತರಗತಿಯಲ್ಲಿ ಕಲಿತವರೇ ಹೊರತು ಕೇವಲ ಸ್ವಾಧ್ಯಾಯದಿಂದ ಮೇಲೆ ಬಂದವರಲ್ಲ. ಆದರೂ ಅವರ ಬಾಳಿನ ಒಂದು ಪ್ರಸಂಗ ಇಲ್ಲಿ ಹೇಳತಕ್ಕದ್ದು. ಕಲ್ಕತ್ತೆಯಲ್ಲಿ ಅವರು ಪಾಠ ಹೇಳುತ್ತಿದ್ದಾಗ, ಮಾಹಿತಿ ಅಪಾರವಾಗಿದ್ದರೆ ಸಲ್ಲುವ ಒಂದು ಫಲಿತಾಂಶವನ್ನು ವಿವರಿಸಿದರು. ಮಾಹಿತಿ ಸ್ವಲ್ಪವೇ ಇದ್ದರೆ ಏನಾಗುತ್ತದೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ. ಎಂ. ದಾಂಡೇಕರರೇ ಆ ವಿದ್ಯಾರ್ಥಿ. ಆ ಪ್ರಶ್ನೆಯನ್ನು ಮನೆಗೆ ಕೊಂಡೊಯ್ದು ಬಿಡಿಸಿದುದರ ಫಲ 1945ರಲ್ಲಿ ಪ್ರಕಟವಾಯಿತು. ಕೈಯಲ್ಲಿರುವ ಅಲ್ಪ ಮಾಹಿತಿಯಿಂದ ಅಂದಾಜು ಮಾಡುವಾಗ ಎಂಥ ಜಾಣನೂ ದಾಟಲಾಗದ ಒಂದು ನಿಖರತೆಯ ಮಿತಿಯುಂಟೆಂದು ತಿಳಿಸುವ ಆ ಸಿದ್ಧಾಂತ ಇಂದು ಕ್ರಾಮೆರ್ ಮತ್ತು ರಾವ್ ಇಬ್ಬರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪುರಸ್ಕಾರವನ್ನು ಪಡೆದ ಅವರು ಅದೇ ವರ್ಷದ ಆಗಸ್ಟ್ 22ರಂದು, 102ನೆಯ ವಯಸ್ಸಿನಲ್ಲಿ ನಿಧನರಾದರು. ಸ್ವಾಧ್ಯಾಯಿಗೆ ಎದುರಾಗುವ ದೊಡ್ಡ ಕೊರತೆ ಯಾವುದೆಂಬುದನ್ನು ದಾಂಡೇಕರರ ಪ್ರಶ್ನೆ ತೋರಿಸುತ್ತದೆ. ತರಗತಿಯಲ್ಲಿ ಪಕ್ಕದವನು ಕೇಳಿದ ಪ್ರಶ್ನೆ ಎಲ್ಲರಿಗೂ ಲಾಭ; ಒಬ್ಬನೇ ಕುಳಿತು ಓದುವವನಿಗೆ ಆ ಪಕ್ಕದವನಿಲ್ಲ. ಪ್ರಶ್ನೆಯನ್ನೂ ಅವನೇ ಹುಟ್ಟಿಸಬೇಕು, ಉತ್ತರ ತಪ್ಪಾಗಿದ್ದರೆ ಅದನ್ನೂ ಅವನೇ ಹಿಡಿಯಬೇಕು.

ಗಣಕಶಾಸ್ತ್ರದ ಕಡೆಗೆ ಬಂದರೆ, 1990ರಲ್ಲಿ ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾದೊಡನೆ ಸೇರಿ ಡಿ.ಒ.ಇ.ಎ.ಸಿ.ಸಿ. ಎಂಬ ಯೋಜನೆಯನ್ನು ಜಾರಿಗೆ ತಂದಿತು. ಆಗ ಪಟ್ಟಣಗಳ ಬೀದಿಬೀದಿಗಳಲ್ಲಿ ಕಂಪ್ಯೂಟರ್ ತರಬೇತಿಯ ಅಂಗಡಿಗಳು ತಲೆಯೆತ್ತಿದ್ದವು. ಎರಡು ತಿಂಗಳು ಕೀಲಿಗಳನ್ನು ಒತ್ತಿಸಿ, ಬಣ್ಣದ ಅಂಚಿನ ಪ್ರಮಾಣಪತ್ರವನ್ನು ಕೊಟ್ಟು ಕಳುಹಿಸುವವರಿಗೆ ಕೊರತೆಯಿರಲಿಲ್ಲ. ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತೂರಿ ನೋಡುವ ಮೊರ ಬೇಕಾಗಿತ್ತು. ಹೊಸ ಯೋಜನೆಯಲ್ಲಿ ಓ, ಏ, ಬಿ, ಸಿ ಎಂಬ ನಾಲ್ಕು ಹಂತಗಳನ್ನು ಕಲ್ಪಿಸಲಾಯಿತು. ಓ ಎಂಬುದು ತಳಹದಿಯ ಹಂತ. ಕಲಿಸುವವರು ಬೇರೆ, ಪರೀಕ್ಷಿಸುವವರು ಬೇರೆ ಎಂಬುದೇ ಇದರ ತಿರುಳು. ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕಲಿತವರಿಗೆ ಮಾತ್ರವಲ್ಲದೆ, ನಿಯಮಗಳಿಗೆ ಒಳಪಟ್ಟು ನೇರ ಅಭ್ಯರ್ಥಿಗಳಿಗೂ ಪರೀಕ್ಷೆಯ ಬಾಗಿಲು ತೆರೆಯಿತು. 2011ರಲ್ಲಿ ಆ ಸಂಸ್ಥೆಯ ಹೆಸರು ರಾಷ್ಟ್ರೀಯ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಂಸ್ಥೆ ಎಂದು ಬದಲಾಯಿತು. ಅಕ್ಷರಗಳನ್ನು ಕೂಡಿಸಿ ನೈಲಿಟ್ ಎಂದು ಅದನ್ನು ಕರೆಯುವುದು ರೂಢಿ.

ವಿಮಾ ಕಚೇರಿಗಳಲ್ಲಿ ಆಯುರ್ಮಾನದ ಲೆಕ್ಕ ಹಾಕಿ ಕಂತಿನ ಹಣವನ್ನು ನಿರ್ಧರಿಸುವ ಆಕ್ಚುಯರಿಗಳ ವೃತ್ತಿಯಲ್ಲಿಯೂ ಇದೇ ಸಂಪ್ರದಾಯ. 1944ರಲ್ಲಿ ಹುಟ್ಟಿದ ಅವರ ಸಂಘವು 2006ರ ಕಾಯಿದೆಯ ಬಳಿಕ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ಆಯಿತು. ಹಗಲು ಕೆಲಸ ಮಾಡುತ್ತ, ಒಂದೊಂದೇ ಪತ್ರಿಕೆಯನ್ನು ದಾಟುತ್ತ ಹೋಗಬೇಕು. ಒಮ್ಮೆಗೇ ತೇರ್ಗಡೆಯಾಗುವವರು ವಿರಳ, ವರ್ಷಗಳೇ ಉರುಳುತ್ತವೆ. ಈಚೆಗೆ ದಾರಿಗಳು ಇನ್ನಷ್ಟು ವಿಸ್ತಾರವಾಗಿವೆ. ಐ.ಐ.ಟಿ.ಗಳ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಪಾಠಗಳನ್ನು ಕೈಯೊಳಗಿನ ಫೋನಿನಲ್ಲಿ ಹಣವಿಲ್ಲದೆ ಕೇಳಬಹುದು. ಶುಲ್ಕ ಕೊಟ್ಟು ಕೇಂದ್ರದಲ್ಲಿ ಪರೀಕ್ಷೆಗೆ ಕುಳಿತರೆ ಪ್ರಮಾಣಪತ್ರವೂ ದೊರೆಯುತ್ತದೆ. ಮದರಾಸಿನ ಐ.ಐ.ಟಿ. 2020ರಲ್ಲಿ ಪ್ರಕಟಿಸಿದ ದತ್ತಾಂಶ ವಿಜ್ಞಾನದ ಪದವಿಗೆ ನಾಲ್ಕು ವಾರದ ಪಾಠವನ್ನು ಓದಿ ಅರ್ಹತಾ ಪರೀಕ್ಷೆಯನ್ನು ಗೆದ್ದವರು ಸೇರಬಹುದು.

ದಾರಿಗಳು ಹೆಚ್ಚಿದಷ್ಟೂ ಎಚ್ಚರವೂ ಹೆಚ್ಚಬೇಕಾಗುತ್ತದೆ. ಪ್ರಮಾಣಪತ್ರವೆಂಬುದು ಒಂದು ಬಗೆಯ ಹುಂಡಿ. ಅದರ ಬೆಲೆ ಕಾಗದದಲ್ಲಿಲ್ಲ, ಸಹಿ ಹಾಕಿದವರ ಪತದಲ್ಲಿದೆ. ಯಾರು ಪರೀಕ್ಷಿಸಿದರು, ಅನುತ್ತೀರ್ಣರಾದವರೂ ಇದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಹಣ ಕೊಟ್ಟವರೆಲ್ಲರೂ ಉತ್ತೀರ್ಣರಾಗುವ ಪರೀಕ್ಷೆಯ ಕಾಗದವನ್ನು ಹಿಡಿದು ಹೋದ ಬಡ ತರುಣನಿಗೆ ಕಚೇರಿಯ ಬಾಗಿಲಲ್ಲಿ ಆಗುವ ನಿರಾಸೆ, ಹಣ ಕಳೆದುಕೊಂಡ ನೋವಿಗಿಂತ ದೊಡ್ಡದು. ಆಮೇಲೆ ಅವನು ನಿಜವಾದ ಪರೀಕ್ಷೆಯನ್ನೂ ನಂಬಲಾರ.

ಒಳ್ಳೆಯ ಪರೀಕ್ಷೆಯನ್ನು ಗೆದ್ದವನಿಗೂ ಕೆಲಸ ಮುಗಿಯಿತೆಂದಲ್ಲ. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಒಂದು ದಿನ ಪೇಟೆಯಲ್ಲಿ ಒಂದೇ ತೂಕದ ಐದು ರಾಶಿ ಮೆಣಸಿನಕಾಯಿ ಮಾರಾಟವಾಯಿತು. ನಾಲ್ಕು ರಾಶಿಗಳಿಗೆ ಕ್ವಿಂಟಲಿಗೆ ಕ್ರಮವಾಗಿ 10,000, 11,000, 12,000, 13,000 ರೂಪಾಯಿ ದೊರೆಯಿತು. ಅತ್ಯುತ್ತಮವಾದ ಐದನೆಯ ರಾಶಿಗೆ 54,000 ರೂಪಾಯಿ. ಸೂತ್ರ ಬಲ್ಲ ತರುಣ ಕೂಡಿಸಿ ಐದರಿಂದ ಭಾಗಿಸುತ್ತಾನೆ. ಸರಾಸರಿ 20,000 ಎನ್ನುತ್ತಾನೆ. ಲೆಕ್ಕದಲ್ಲಿ ತಪ್ಪಿಲ್ಲ. ಗಣಕಯಂತ್ರವೂ ಅದನ್ನೇ ಹೇಳುತ್ತದೆ. ಆ ಮಾತನ್ನು ಕೇಳಿದ ರೈತ ಬಾಡಿಗೆಯ ಗಾಡಿ ಹಿಡಿದು ತನ್ನ ಕಾಯಿಯನ್ನು ತರುತ್ತಾನೆ. ಆದರೆ ಆ ದಿನ ಯಾವ ರಾಶಿಯೂ 20,000ಕ್ಕೆ ಮಾರಿರಲಿಲ್ಲ. ಐದರಲ್ಲಿ ನಾಲ್ಕು 13,000ವನ್ನು ದಾಟಿರಲಿಲ್ಲ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಆರಿಸಿದ್ದರೆ 12,000 ಎಂಬ ಉತ್ತರ ದೊರೆತು ರೈತನಿಗೆ ನಿಜಸ್ಥಿತಿ ತಿಳಿಯುತ್ತಿತ್ತು. ಎರಡೂ ಸೂತ್ರಗಳು ಪುಸ್ತಕದಲ್ಲಿವೆ. ಯಾವುದನ್ನು ಯಾವಾಗ ಬಳಸಬೇಕೆಂಬ ವಿವೇಕ ಪೇಟೆಯನ್ನು ಕಂಡವನಿಗೆ ಬೇಗ ಬರುತ್ತದೆ. ಅಂಗಡಿಯಲ್ಲಿ ದುಡಿಯುತ್ತ ಓದುವವನಿಗೆ ಕಾಲೇಜಿನ ವಿದ್ಯಾರ್ಥಿಗಿಂತ ಹೆಚ್ಚಿನ ಅನುಕೂಲವೊಂದು ಇರುವುದಾದರೆ ಅದು ಇಲ್ಲಿಯೇ. ಅವನ ಅಂಕಿಗಳಿಗೆ ಮುಖಗಳಿರುತ್ತವೆ.

ಹಾವೇರಿ ಜಿಲ್ಲೆಯ ರೈತನಿಗೆ ಸಂಖ್ಯಾಶಾಸ್ತ್ರ ದೂರದ ವಿದ್ಯೆಯೆಂದು ತೋರಬಹುದು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆನಷ್ಟದ ಪರಿಹಾರವನ್ನು ನಿರ್ಧರಿಸಲು ಪ್ರತಿಯೊಂದು ಹೊಲವನ್ನೂ ಅಳೆಯುವುದಿಲ್ಲ. ಕೆಲವೇ ಹೊಲಗಳನ್ನು ಯಾದೃಚ್ಛಿಕವಾಗಿ, ಎಂದರೆ ಯಾರ ಇಷ್ಟಾನಿಷ್ಟಕ್ಕೂ ಎಡೆಗೊಡದೆ ಚೀಟಿ ಎತ್ತಿದಂತೆ, ಆರಿಸಿ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಆ ಕೆಲವು ಹೊಲಗಳ ಇಳುವರಿಯಿಂದ ಇಡೀ ಪಂಚಾಯಿತಿಯ ಇಳುವರಿಯನ್ನು ಅಂದಾಜು ಮಾಡುತ್ತಾರೆ. ಮಹಲನೋಬಿಸರು 1937ರಿಂದ ಬಂಗಾಳದ ಸೆಣಬಿನ ಬೆಳೆಯ ಮೇಲೆ ನಡೆಸಿದ ಮಾದರಿ ಸಮೀಕ್ಷೆಗಳು ಈ ವಿಧಾನಕ್ಕೆ ದಾರಿಮಾಡಿದವು. ಹೊಲಗಳನ್ನು ಸರಿಯಾಗಿ ಆರಿಸಲಾಯಿತೇ, ತೂಕ ಸರಿಯಾಗಿ ಬರೆಯಲಾಯಿತೇ ಎಂದು ಕೇಳಬಲ್ಲವರು ಪ್ರತಿ ಪಂಚಾಯಿತಿಗೆ ಒಬ್ಬರಾದರೂ ಇದ್ದರೆ, ಪರಿಹಾರ ಬಂದಾಗಲೂ ಬಾರದಾಗಲೂ ಜನರಿಗೆ ಅದರ ಕಾರಣವಾದರೂ ತಿಳಿದೀತು. ಅಂಥವರು ಬೆಂಗಳೂರಿಗೆ ಹೋಗಿ ನೌಕರಿ ಮಾಡುವುದು ಬೇಡವೆಂದಲ್ಲ. ಕರ್ಜಗಿಯಲ್ಲಿಯೂ ಅವರಿಗೆ ಕೆಲಸವುಂಟು.

ಉಳಿದದ್ದು ಭಾಷೆಯ ತೊಡಕು. ಇಂಥ ವೃತ್ತಿಪರೀಕ್ಷೆಗಳಿಗೆ ಬೇಕಾದ ಮೇಲುಮಟ್ಟದ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಹತ್ತು ವರ್ಷ ಓದಿದ ಹಳ್ಳಿಯ ವಿದ್ಯಾರ್ಥಿ ಮೊದಲ ಪುಟದಲ್ಲಿಯೇ ಎಡವುತ್ತಾನೆ. ವಿಷಯ ಕಠಿನವೆಂದು ತಿಳಿದು ಪುಸ್ತಕವನ್ನು ಮುಚ್ಚುತ್ತಾನೆ. ಕಠಿನವಾದುದು ವಿಷಯವಲ್ಲ, ಪದಗಳು. ಒಂದು ನೋಟುಪುಸ್ತಕದ ಎಡಬದಿಯಲ್ಲಿ ಇಂಗ್ಲಿಷ್ ಪದವನ್ನೂ ಬಲಬದಿಯಲ್ಲಿ ಕನ್ನಡದ ಪದವನ್ನೂ, ಅದರ ಕೆಳಗೆ ತನ್ನ ಊರಿನದೇ ಒಂದು ಉದಾಹರಣೆಯನ್ನೂ ಬರೆದುಕೊಳ್ಳುತ್ತ ಹೋದರೆ ನೂರು ಪದಗಳೊಳಗೆ ಪುಸ್ತಕದ ಬಾಗಿಲು ತೆರೆಯುತ್ತದೆ. ಈ ಪಟ್ಟಿಯ ಮೊದಲ ಮೂರು ಪದಗಳಾದ ಸರಾಸರಿ, ಮಧ್ಯಾಂಕ, ಬಹುಲಕಗಳು ಪ್ರೌಢಶಾಲೆಯ ಗಣಿತದ ಪುಸ್ತಕದಲ್ಲಿಯೇ ಇವೆ. ಮೆಣಸಿನಕಾಯಿಯ ಲೆಕ್ಕದಲ್ಲಿ ಮೊದಲನೆಯ ಎರಡನ್ನೂ ಕಂಡದ್ದಾಯಿತು. ಮೂರನೆಯದನ್ನು ಕೃಷಿ ಮಾರುಕಟ್ಟೆಗಳ ದಿನದಿನದ ಧಾರಣೆಯಲ್ಲಿ ನೋಡಬಹುದು. ಕನಿಷ್ಠ, ಗರಿಷ್ಠ ಎಂಬ ಎರಡು ಬೆಲೆಗಳ ಜೊತೆಗೆ ‘ಮಾದರಿ’ ಎಂದು ಅಲ್ಲಿ ಇನ್ನೊಂದು ಬೆಲೆಯಿರುತ್ತದೆ. ಹೆಚ್ಚು ಮಾಲು ಮಾರಾಟವಾದ ಆ ಬೆಲೆಯೇ ಬಹುಲಕ.